ಪರದೇಶವಾಸವೂ ಸ್ವದೇಶದ ಪಾಲೂ

ಸ್ವಂತ ಪರಿಶ್ರಮದಿಂದ ಕಂಪೆನಿಯನ್ನು ಕಟ್ಟಿದ ನಮ್ಮ ಉದ್ಯಮಸ್ಥರಲ್ಲಿ ಕೆಲವರು, ವಯಸ್ಸು ಅರುವತ್ತಾಗುತ್ತಲೇ ದುಬೈಗೋ ಮತ್ತೊಂದೆಡೆಗೋ ತೆರಳಿ ಅಲ್ಲಿಯೇ ನೆಲೆಸಿ, ಇಲ್ಲಿಯ ಪಾಲನ್ನು ಮಾತ್ರ ಬಿಡದೆ ಇರಿಸಿಕೊಳ್ಳುವ ಪರಿಪಾಠವು ಕಾಣಬರುತ್ತಲಿದೆ. ಇದನ್ನು ದೇಶದ್ರೋಹವೆಂದು ಕೂಗುವವರ ಗುಂಪಿಗೆ ನಾವು ಸೇರಿದವರಲ್ಲ. ದುಡಿದು ದಣಿದವನಿಗೆ ವಿಶ್ರಾಂತಿಯ ಸ್ಥಳವನ್ನು ಆರಿಸಿಕೊಳ್ಳುವ ಹಕ್ಕುಂಟು. ಇಲ್ಲಿ ವಾಸವಿದ್ದಾಗ ಸಂಪಾದಿಸಿದ ಷೇರುಗಳನ್ನು ಪರದೇಶವಾಸಿಯಾದ ಮೇಲೂ ಇಟ್ಟುಕೊಳ್ಳಲು 1999ರ ವಿದೇಶಿ ವಿನಿಮಯ ಕಾಯಿದೆಯೇ ಸಮ್ಮತಿಸಿದೆ. ಕೋಲಾರದ ಗಣಿಗಳ ಲಾಭಾಂಶವು ದಶಕಗಳ ಕಾಲ ಲಂಡನ್ನಿನ ಪಾಲುದಾರರಿಗೆ ಸಂದುದನ್ನು ನೆನೆದು ಅದಕ್ಕೂ ಇದಕ್ಕೂ ಹೋಲಿಕೆ ಹೇಳುವವರಿದ್ದಾರೆ. ಅವರಲ್ಲಿ ಬಹುಮಂದಿ ಗಣಿಯ ಬಾಯನ್ನು ಕಂಡವರಲ್ಲ; ಈತನಾದರೋ ಮೊದಲ ಯಂತ್ರವನ್ನು ತಾನೇ ನಿಂತು ಕೂಡಿಸಿದವನು.

ತೆರಿಗೆಯಿಂದ ತಪ್ಪಿಸಿಕೊಂಡನೆಂಬ ಮಾತೂ ಪೂರ್ತಿ ನಿಜವಲ್ಲ. 2020ರ ಏಪ್ರಿಲ್ 1ರಿಂದ ಲಾಭಾಂಶದ ತೆರಿಗೆಯು ಕಂಪೆನಿಯ ತಲೆಯಿಂದ ಇಳಿದು ಪಾಲುದಾರನ ತಲೆಗೆ ಬಂದಿದೆ. ಪರದೇಶವಾಸಿಗೆ ಮೂಲ ದರವು ನೂರಕ್ಕೆ 20. ಒಪ್ಪಂದವಿರುವ ದೇಶವಾದರೆ ಕಡಮೆಯಾಗಬಹುದು. ಇಲ್ಲಿಯ ಆದಾಯವು 15 ಲಕ್ಷವನ್ನು ಮೀರಿದವರು ಮೊಮ್ಮಕ್ಕಳನ್ನು ನೋಡಲು ಬಂದು 120 ದಿನಗಳನ್ನು ಕಳೆದರೆ, ಹಿಂದಿನ ವರ್ಷಗಳ ವಾಸವನ್ನೂ ಲೆಕ್ಕ ಹಿಡಿದು, ಸ್ವದೇಶವಾಸಿಗಳೆಂದೇ ಎಣಿಸುವ ತಿದ್ದುಪಡಿಯೂ ಅದೇ ವರ್ಷದ್ದು.

ನಮ್ಮ ಆಕ್ಷೇಪಣೆಯಿರುವುದು ಅವರು ಹೇಳುವ ‘ನಿಷ್ಕ್ರಿಯ ಪಾಲು’ ಎಂಬ ಮಾತಿನ ವಿಷಯದಲ್ಲಿ. 2013ರ ಕಂಪೆನಿ ಕಾಯಿದೆಯಂತೆ ವಿಶೇಷ ನಿರ್ಣಯಕ್ಕೆ ಚಲಾವಣೆಯಾದ ಮತಗಳಲ್ಲಿ ಮುಕ್ಕಾಲು ಬೇಕು. ನೂರಕ್ಕೆ 26 ಪಾಲುಳ್ಳವನು ಬೇಡವೆಂದರೆ ಕಂಪೆನಿಯ ನಿಯಮಾವಳಿಯಲ್ಲಿ ಒಂದಕ್ಷರವನ್ನೂ ತಿದ್ದುವಂತಿಲ್ಲ. ಹೊರಗಿನವರಿಗೆ ಹೊಸ ಷೇರು ಕೊಟ್ಟು ಬಂಡವಾಳ ತರುವಂತೆಯೂ ಇಲ್ಲ. ಪೀಣ್ಯದ ಸಣ್ಣ ಕಾರ್ಖಾನೆಯೊಂದಕ್ಕೆ ಹೊಸ ಯಂತ್ರ ಬೇಕಾಗಿದೆಯೆಂದಿಟ್ಟುಕೊಳ್ಳೋಣ. ಕಾರ್ಯಭಾರ ಹೊತ್ತವನಿಗೆ ಲಾಭವನ್ನು ಕಾರ್ಖಾನೆಯಲ್ಲಿಯೇ ತೊಡಗಿಸುವ ಆಸೆ; ಸಮುದ್ರದಾಚೆಯವನಿಗೆ ಮನೆಬಾಡಿಗೆಗೂ ಔಷಧಕ್ಕೂ ಲಾಭಾಂಶವೇ ಆಧಾರ. ಇಬ್ಬರದೂ ಅನ್ಯಾಯದ ಬಯಕೆಯಲ್ಲ. ಆದರೆ ಮಾತು ಮುರಿದಾಗ ಕೈಕಟ್ಟಿ ಕುಳಿತಿರುವೆನೆಂದವನ ಕೈಯೇ ಯಂತ್ರವನ್ನು ತಡೆಯುತ್ತದೆ. ಖಾಸಗಿ ಕಂಪೆನಿಯ ಷೇರನ್ನು ಪೇಟೆಯಲ್ಲಿ ಮಾರಿ ಕಳೆದುಕೊಳ್ಳುವ ಅನುಕೂಲವೂ ಇಲ್ಲ. ಆದಕಾರಣ, ನಿಜವಾಗಿಯೂ ನಿಷ್ಕ್ರಿಯನಾಗಬಯಸುವವನು ಹೊರಡುವ ಮುನ್ನವೇ ತನ್ನ ಪಾಲನ್ನು ಕಾಲಂಶಕ್ಕಿಂತ ಕೆಳಗಿಳಿಸಿ, ಉಳಿದುದನ್ನು ಕೆಲಸ ನಡೆಸುವವರಿಗೆ ಸಲ್ಲುವ ಬೆಲೆಗೆ, ಬೇಕಾದರೆ ಕಂತುಗಳ ಮೇಲೆ, ಮಾರಿ ಹೋಗುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಇನ್ನೊಂದು ಸಂಗತಿಯುಂಟು. ಪ್ರತಿ ಕಂಪೆನಿಗೂ ವರ್ಷದಲ್ಲಿ 182 ದಿನಗಳಾದರೂ ಈ ದೇಶದಲ್ಲಿರುವ ನಿರ್ದೇಶಕನೊಬ್ಬನಿರಲೇಬೇಕೆಂದು ಅದೇ ಕಾಯಿದೆ ವಿಧಿಸಿದೆ. ಯಜಮಾನರು ಹೊರಟುಹೋದ ಮೇಲೆ ಆ ಕುರ್ಚಿಗೆ ಹಳೆಯ ಲೆಕ್ಕಿಗನನ್ನೋ ಬಡ ಭಾವಮೈದುನನನ್ನೋ ಕೂರಿಸುವುದುಂಟು. ಅಪ್ಪಣೆ ದೂರವಾಣಿಯಲ್ಲಿ ಬರುತ್ತದೆ, ರುಜು ಮಾತ್ರ ಇವನದು. ಕೂಲಿಕಾರರ ಭವಿಷ್ಯನಿಧಿಯ ಹಣ ಕಟ್ಟದೆ ಉಳಿದಾಗ ನೋಟೀಸು ಹಿಡಿದು ಬಂದವರು ಬಾಗಿಲು ತಟ್ಟುವುದೂ ಇವನ ಮನೆಯದನ್ನೇ.