ಪ್ರತಿಭೆಗೆ ಮನೆಯೇ ಬೇಲಿಯಾಗಬಾರದು

ಬ್ಯಾಸ್ಕೆಟ್‌ಬಾಲ್ ಬಡವರ ಮಕ್ಕಳನ್ನು ಮೇಲೆತ್ತುವ ಆಟ ಎಂಬ ನಂಬಿಕೆ ಅಮೆರಿಕದ ಸಿನಿಮಾಗಳ ಮೂಲಕ ನಮ್ಮಲ್ಲೂ ಬೇರೂರಿದೆ. ವಾಸ್ತವ ಬೇರೆಯೇ ಇದೆ. ಸಮಾಜವಿಜ್ಞಾನಿಗಳಾದ ಜೋಶುವಾ ಡಬ್ರೋ ಮತ್ತು ಜಿಮಿ ಆಡಮ್ಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಡ ಕುಟುಂಬದ ಆಫ್ರಿಕನ್ ಅಮೆರಿಕನ್ ಹುಡುಗ ಎನ್‌ಬಿಎ ತಲುಪುವ ಸಾಧ್ಯತೆ ಅದೇ ಸಮುದಾಯದ ಅನುಕೂಲಸ್ಥ ಹುಡುಗನಿಗಿಂತ ಶೇ 37ರಷ್ಟು ಕಡಿಮೆ. ಆಟದ ಹಸಿವು ಇದ್ದರಷ್ಟೇ ಸಾಲದು, ಹಸಿವು ನೀಗಿದ ಮನೆಯೂ ಬೇಕು.

ಕಾರಣಗಳು ಗೂಢವೇನಲ್ಲ. ಬುಟ್ಟಿಯ ಬಳೆ ನೆಲದಿಂದ 3.05 ಮೀಟರ್ ಎತ್ತರದಲ್ಲಿರುತ್ತದೆ. ದೇಹದ ಎತ್ತರ ವಂಶದಿಂದ ಬಂದರೂ ಬಾಲ್ಯದಲ್ಲಿ ಪೌಷ್ಟಿಕ ಆಹಾರ ಸಿಗದಿದ್ದರೆ ಆ ಬೆಳವಣಿಗೆ ಕುಂಠಿತವಾಗುತ್ತದೆ. ವರ್ಷಗಟ್ಟಲೆ ಸಂಜೆಗಳನ್ನು ಅಭ್ಯಾಸಕ್ಕೆ ಮೀಸಲಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮಗು ಆಟದಲ್ಲಿ ಸೋತರೂ ಬದುಕಿನಲ್ಲಿ ಸೋಲದು ಎಂಬ ಧೈರ್ಯ ಹೆತ್ತವರಿಗಿರಬೇಕು. ಈ ಧೈರ್ಯವೇ ಕುಟುಂಬದ ದೊಡ್ಡ ಆಸ್ತಿ.

ಬೆಂಗಳೂರಿನ ಹೊರವಲಯದಲ್ಲಿ ಈ ಆಸ್ತಿಯ ಹಂಚಿಕೆ ಎಷ್ಟು ವಿಚಿತ್ರವಾಗಿದೆ ನೋಡಿ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಅನೇಕ ಅಪಾರ್ಟ್‌ಮೆಂಟ್ ಸಮುಚ್ಚಯಗಳ ಒಳಗೆ ಬ್ಯಾಸ್ಕೆಟ್‌ಬಾಲ್ ಅಂಕಣವಿದೆ. ಆದರೆ ಹತ್ತನೇ ತರಗತಿ ಸಮೀಪಿಸಿದಂತೆ ಅಲ್ಲಿನ ಮಕ್ಕಳ ಸಂಜೆಗಳು ಕೋಚಿಂಗ್ ತರಗತಿಗಳ ಪಾಲಾಗುತ್ತವೆ. ಪೀಣ್ಯದ ಸುತ್ತಲಿನ ವಠಾರಗಳಲ್ಲಿ ಓಡಬಲ್ಲ, ಜಿಗಿಯಬಲ್ಲ ಮಕ್ಕಳಿಗೆ ಬರವಿಲ್ಲ, ಅಂಕಣಕ್ಕೇ ಬರ. ತಂದೆ ಎರಡನೇ ಪಾಳಿಯಲ್ಲಿ, ತಾಯಿ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಮನೆಯಲ್ಲಿ ಸಂಜೆ ತಮ್ಮತಂಗಿಯರನ್ನು ನೋಡಿಕೊಳ್ಳುವ ಹೊಣೆ ಹಿರಿಯ ಮಗಳದು. ಅವಳಿಗೆ ಆಟ ಎಟುಕದ ವಸ್ತು.

ಹಾಗಾದರೆ ಮನೆತನವೇ ಹಣೆಬರಹವೇ? ಅಲ್ಲ ಎನ್ನಲು ಪಂಜಾಬಿನ ಬಲ್ಲೋಕೆ ಗ್ರಾಮದ ಸತ್ನಾಮ್ ಸಿಂಗ್ ಉದಾಹರಣೆ ಸಾಕು. ಏಳಡಿ ಎತ್ತರದ ತಂದೆ ಬಲ್ಬೀರ್ ಹೊಲದಲ್ಲೇ ಉಳಿದರು. ಅದೇ ಮೈಕಟ್ಟಿನ ಮಗನಿಗೆ ಲೂಧಿಯಾನದ ಅಕಾಡೆಮಿ ದೊರೆಯಿತು. 2010ರಲ್ಲಿ ಅಮೆರಿಕದಲ್ಲಿ ತರಬೇತಿ ಪಡೆಯಲು ವಿದ್ಯಾರ್ಥಿವೇತನವೂ ಸಿಕ್ಕಿತು. 2015ರಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ತಂಡ 52ನೆಯವರಾಗಿ ಆಯ್ಕೆ ಮಾಡಿದಾಗ, ಅವರು ಎನ್‌ಬಿಎಗೆ ಆಯ್ಕೆಯಾದ ಮೊದಲ ಭಾರತೀಯರಾದರು. ಎನ್‌ಬಿಎ ಲೀಗ್ ಪಂದ್ಯವಾಡುವ ಅವಕಾಶ ಅವರಿಗೆ ದೊರೆಯಲಿಲ್ಲ ಎಂಬುದೂ ನಿಜ. ಆದರೂ ತಂದೆ ಮಗನ ನಡುವಿನ ಅಂತರ ರಕ್ತದ್ದಲ್ಲ, ಸಂಸ್ಥೆಯದು.

ಕರ್ನಾಟಕಕ್ಕೂ ಇಂಥ ಏಣಿ ಹೊಸದಲ್ಲ. ಕ್ರೀಡಾ ಇಲಾಖೆಯ ವಸತಿ ನಿಲಯಗಳು, ಬಳಿಕ ನೈರುತ್ಯ ರೈಲ್ವೆ ಅಥವಾ ವಿಜಯಾ ಬ್ಯಾಂಕ್‌ನಂಥ ಸಂಸ್ಥೆಯ ತಂಡ: ನಮ್ಮಲ್ಲಿ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಎಂದರೆ ಬಹುಮಟ್ಟಿಗೆ ಇದೇ ಆಗಿತ್ತು. ಕ್ರೀಡಾ ಕೋಟಾದ ನೌಕರಿಯ ಭರವಸೆಯೇ ಸಾಧಾರಣ ಮನೆಯ ಹೆತ್ತವರಿಗೆ ಬೇಕಾದ ಧೈರ್ಯವನ್ನು ತುಂಬುತ್ತಿತ್ತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ ವಿಲೀನವಾಯಿತು. ಎಚ್‌ಎಂಟಿಯ ಕೈಗಡಿಯಾರ ಘಟಕಗಳನ್ನು ಮುಚ್ಚಲು ಕೇಂದ್ರ 2016ರಲ್ಲೇ ತೀರ್ಮಾನಿಸಿತ್ತು. ಸಾರ್ವಜನಿಕ ಉದ್ಯಮ ಹಿಂದೆ ಸರಿದ ನಗರದಲ್ಲಿ ಅದರ ಸ್ಥಾನವನ್ನು ತುಂಬಬೇಕಾದವರು ಯಾರು?

ಉತ್ತರ ಈ ವಲಯದಲ್ಲೇ ಇದೆ. ನಿಗದಿತ ಮಟ್ಟ ಮೀರಿದ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕೆಂದು 2013ರ ಕಂಪನಿ ಕಾಯ್ದೆ ವಿಧಿಸುತ್ತದೆ. ಆ ಪಟ್ಟಿಯಲ್ಲಿ ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಸೇರಿದೆ. ಅಂಕಣಕ್ಕೆ ಬೇಕಾದುದು 28 ಮೀಟರ್ ಉದ್ದ, 15 ಮೀಟರ್ ಅಗಲದ ಜಾಗ ಮಾತ್ರ. ಸರ್ಕಾರಿ ಶಾಲೆಯ ಆವರಣದಲ್ಲಿ ಅಂಕಣ, ಸಂಜೆ ದೀಪ, ಒಬ್ಬ ತರಬೇತುದಾರ, ಮಕ್ಕಳಿಗೆ ಮೊಟ್ಟೆ-ಹಾಲು, ಕೊನೆಗೆ ಅರ್ಹರಿಗೊಂದು ನೌಕರಿ: ಇವನ್ನು ಒದಗಿಸುವುದು ಈ ಉದ್ಯಮಗಳಿಗೆ ಅಸಾಧ್ಯವಲ್ಲ.

2017ರಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್‌ನ ‘ಬಿ’ ವಿಭಾಗವನ್ನು ಗೆದ್ದು ಮೇಲಕ್ಕೇರಿದ್ದು ಇದೇ ಬೆಂಗಳೂರಿನಲ್ಲಿ. ಆ ಸಂಭ್ರಮದಲ್ಲಿ ಪೀಣ್ಯದ ಹುಡುಗಿಗೂ ಪಾಲು ಸಿಗಬೇಕಾದರೆ, ಅವಳ ಮನೆ ಕೊಡಲಾಗದ್ದನ್ನು ಊರು ಕೊಡಬೇಕು.