ಕಾಲಿಲ್ಲದ್ದೆಲ್ಲ ಹಾವಲ್ಲ

ಮಕ್ಕಳೇ, ಹಲ್ಲಿಗೂ ಹಾವಿಗೂ ಇರುವ ವ್ಯತ್ಯಾಸ ಬರೆಯಿರಿ ಎಂದರೆ ನೀವು ಏನು ಬರೆಯುತ್ತೀರಿ? 'ಹಲ್ಲಿಗೆ ಕಾಲುಗಳಿವೆ, ಹಾವಿಗೆ ಕಾಲುಗಳಿಲ್ಲ' ಎಂದಲ್ಲವೆ? ಅದಕ್ಕೆ ಪೂರ್ತಿ ಅಂಕವೂ ಸಿಗುತ್ತದೆ. ಆದರೆ ಈ ಸಾಲನ್ನು ಕಲಿಸುವುದನ್ನು ನಾವು ಶಿಕ್ಷಕರು ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಏಕೆ ಗೊತ್ತೆ?

ನಮ್ಮ ದೇಶದ ಈಶಾನ್ಯ ಭಾಗದ ಬೆಟ್ಟಗಳಲ್ಲಿ ಕಾಲಿಲ್ಲದ ಹಲ್ಲಿಯೊಂದಿದೆ. ನೋಡಿದರೆ ಥೇಟ್ ಹಾವು. ಆದರೆ ಅದು ರೆಪ್ಪೆ ಮುಚ್ಚಿ ಕಣ್ಣು ಮಿಟುಕಿಸುತ್ತದೆ! ಹಾವು ಹಾಗೆ ಮಾಡಲಾರದು. ಅದಕ್ಕೆ ರೆಪ್ಪೆಯೇ ಇಲ್ಲ. ಕಣ್ಣಿನ ಮೇಲೆ ಗಾಜಿನಂಥ ಪಾರದರ್ಶಕ ಹುರುಪೆ ಇರುತ್ತದೆ. ಪೊರೆ ಬಿಡುವಾಗ ಅದೂ ಜೊತೆಗೇ ಕಳಚುತ್ತದೆ.

ಇನ್ನು ಹೆಬ್ಬಾವನ್ನು ನೋಡಿ. ಅದರ ಗುದದ್ವಾರದ ಎರಡೂ ಬದಿಯಲ್ಲಿ ಚಿಕ್ಕ ಉಗುರಿನಂಥ ಮುಳ್ಳುಗಳಿವೆ. ಅವು ಹಿಂಗಾಲುಗಳ ಅವಶೇಷ! ಅರ್ಜೆಂಟೀನಾದಲ್ಲಿ ದೊರೆತ, 2006ರಲ್ಲಿ ವಿಜ್ಞಾನಿಗಳು 'ನಜಾಶ್' ಎಂದು ಹೆಸರಿಟ್ಟ ಪಳೆಯುಳಿಕೆ ಹಾವಿಗಂತೂ ನಿಜವಾದ ಹಿಂಗಾಲುಗಳೇ ಇದ್ದವು. ಅದು ಬದುಕಿದ್ದು 9 ಕೋಟಿ ವರ್ಷಗಳಿಗೂ ಹಿಂದೆ.

ಈಗ ಭೂಮಿಯ ಮೇಲೆ ಹಲ್ಲಿಗಳಲ್ಲಿ 7,000ಕ್ಕೂ ಹೆಚ್ಚು, ಹಾವುಗಳಲ್ಲಿ ಸುಮಾರು 4,000 ಪ್ರಭೇದಗಳಿವೆ. ಎರಡೂ 'ಸ್ಕ್ವಮೇಟ' ಎಂಬ ಒಂದೇ ಗಣಕ್ಕೆ ಸೇರಿವೆ. ಜೀನ್‌ಗಳನ್ನು ಹೋಲಿಸಿ ನೋಡಿದಾಗ ಇನ್ನೂ ಸೋಜಿಗದ ಸಂಗತಿ ಕಂಡುಬಂದಿದೆ. ಉಡ ಮತ್ತು ಓತಿಕ್ಯಾತ ನಮ್ಮ ಮನೆಯ ಗೋಡೆಯ ಹಲ್ಲಿಗಿಂತ ಹಾವಿಗೇ ಹತ್ತಿರದ ನೆಂಟರು! ಅಂದರೆ ಹಾವು ಬೇರೆಯೇ ಮರವಲ್ಲ, ಹಲ್ಲಿಗಳ ವಂಶವೃಕ್ಷದ್ದೇ ಒಂದು ಕೊಂಬೆ. ಈ ವೃಕ್ಷದಲ್ಲಿ ಕಾಲು ಕಳೆದುಕೊಂಡದ್ದು ಹಾವುಗಳು ಮಾತ್ರವಲ್ಲ. ಇಪ್ಪತ್ತಕ್ಕೂ ಹೆಚ್ಚು ಬಾರಿ, ಬೇರೆ ಬೇರೆ ಕೊಂಬೆಗಳಲ್ಲಿ ಹೀಗಾಗಿದೆ. ಮಣ್ಣಿನೊಳಗೆ, ದಟ್ಟ ಹುಲ್ಲಿನ ನಡುವೆ ನುಸುಳಿ ಬದುಕುವ ಪ್ರಾಣಿಗೆ ಕಾಲು ಅಡ್ಡಿಯೇ ತಾನೆ!

ಪಶ್ಚಿಮ ಘಟ್ಟದ ಹಾರುವ ಓತಿ ಪಕ್ಕೆಲುಬಿನ ಚರ್ಮ ಹರಡಿ ಮರದಿಂದ ಮರಕ್ಕೆ ತೇಲುತ್ತದೆ. ಅದನ್ನು ಯಾರೂ ಹಕ್ಕಿ ಎನ್ನುವುದಿಲ್ಲ. ಹಾಗಿರುವಾಗ ಕಾಲಿಲ್ಲ ಎಂಬ ಒಂದೇ ಕಾರಣಕ್ಕೆ ಹಾವು ಎನ್ನುವುದು ಸರಿಯೆ?

ಒಂದು ಅಂಕದ ಪ್ರಶ್ನೆಗೆ ಇಷ್ಟು ರಾದ್ಧಾಂತವೇಕೆ ಎಂದು ಕೇಳಬಹುದು. ಹಾವುರಾಣಿಯನ್ನು ನೀವು ನೋಡಿರಬೇಕು. ಅದಕ್ಕೆ ನಾಲ್ಕು ಕಾಲುಗಳಿವೆ, ರೆಪ್ಪೆಯಿದೆ, ಕಿವಿಯ ರಂಧ್ರವಿದೆ, ವಿಷವಿಲ್ಲ. ತರಗೆಲೆಯ ನಡುವೆ ಮಿರಿಮಿರಿ ಮಿಂಚುತ್ತ ಸರಿದರೆ ಕಾಲು ಕಾಣುವುದೇ ಇಲ್ಲ. 'ಹಾವು, ಹಾವು' ಎಂಬ ಕೂಗು, ಆಮೇಲೆ ಒಂದು ಕೋಲು. ಹಿತ್ತಿಲಿನ ಕೀಟಗಳನ್ನು ತಿಂದುಕೊಂಡಿದ್ದ ಪ್ರಾಣಿ ಅಲ್ಲಿಗೆ ಮುಗಿಯಿತು. ಹಾವೇ ಆಗಿದ್ದರೂ ಹೊಡೆಯಬಾರದು, ಆ ಮಾತು ಬೇರೆ.

ವ್ಯತ್ಯಾಸ ಕೇಳುವುದಾದರೆ ರೆಪ್ಪೆ, ಕಿವಿಯ ರಂಧ್ರ, ಹೊಟ್ಟೆಯ ಹುರುಪೆ, ದವಡೆ, ಎಲ್ಲವನ್ನೂ ಸೇರಿಸಿ ಕೇಳಲಿ. ನೀವು ಇದನ್ನೆಲ್ಲ ಚಿತ್ರದಲ್ಲಿ ನೋಡಿದರೆ ಸಾಕು. ಹೊರಗೆ ಗುರುತು ಸಿಗದ ಪ್ರಾಣಿ ಕಂಡರೆ ದೂರ ಸರಿಯಿರಿ, ಮುಟ್ಟಬೇಡಿ. ಹಾವು ಕಚ್ಚಿದರೆ ಮಂತ್ರ, ನಾಟಿ ಔಷಧಿ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಅಂದಹಾಗೆ, ರೆಪ್ಪೆಯೊಂದನ್ನೇ ನಂಬಿದರೂ ಮೋಸ ಹೋಗುತ್ತೀರಿ. ಗೋಡೆಯ ಹಲ್ಲಿಗೂ ಮುಚ್ಚುವ ರೆಪ್ಪೆಯಿಲ್ಲ! ಇಂದು ರಾತ್ರಿ ದೀಪದ ಬಳಿ ಹೊಂಚು ಹಾಕುವ ಹಲ್ಲಿಯನ್ನು ಸ್ವಲ್ಪ ಹೊತ್ತು ಗಮನಿಸಿ. ಅದು ನಾಲಿಗೆ ಚಾಚಿ ತನ್ನ ಕಣ್ಣನ್ನೇ ಒರೆಸಿಕೊಳ್ಳುವುದು ಕಂಡೀತು.