ಸಾಲು ಕರಗುವ ಹೊತ್ತು

ಬಿಡದಿ ಬಳಿಯ ವಂಡರ್‌ಲಾ 2005ರಲ್ಲಿ ಶುರುವಾದಾಗಿನಿಂದ ಮಕ್ಕಳ ಹಟಕ್ಕೆ ಹೊಸ ನೆಪ ಸಿಕ್ಕಿದೆ. ಆದರೆ ತಿಂಗಳುಗಟ್ಟಲೆ ಕೂಡಿಟ್ಟ ಟಿಕೆಟ್ ದುಡ್ಡು ಸಾಲಿನಲ್ಲಿ ನಿಲ್ಲುವುದಕ್ಕೇ ಸಂದರೆ ಹೇಗೆ? ಬೇಸಿಗೆ ರಜೆ, ದಸರೆ, ಭಾನುವಾರಗಳ ಗೊಡವೆ ಬೇಡ. ಡಿಸೆಂಬರ್ ಆಸುಪಾಸಿನಲ್ಲಿ ವಾರದ ನಡುವೆಯೂ ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಲ್ಲುತ್ತವೆ. ಶಾಲೆಗಳು ತೆರೆದ ಮೇಲೆ, ಜೂನ್ ಕೊನೆಗೋ ಜುಲೈಯಲ್ಲೋ, ಒಂದು ಮಂಗಳವಾರ ಇಲ್ಲವೇ ಬುಧವಾರ ವಾಸಿ. ಮಳೆ ಬಂದರೆ ಕೆಲವು ಆಟ ನಿಂತಾವು, ಅಷ್ಟಕ್ಕೆ ಸಿದ್ಧರಾಗಿರಿ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ದೊಡ್ಡ ಆಟಗಳನ್ನು ಮೊದಲು ಮುಗಿಸಿ. ಎಲ್ಲರೂ ಊಟಕ್ಕೆ ಕೂತಾಗ ನೀವು ಆಡಿ, ಅವರು ಕೈ ತೊಳೆದ ಮೇಲೆ ನೀವು ಉಣ್ಣಿ. ರಜಾಚೀಟಿಯಲ್ಲಿ ಮಾತ್ರ ‘ಜ್ವರ’ ಎಂದು ಬರೆಯಬೇಡಿ. ಮರುದಿನ ಮಗುವೇ ತರಗತಿಗೆಲ್ಲ ಡಂಗುರ ಸಾರಿರುತ್ತದೆ!